ಹಾಡು ಮುಗಿಯುವುದರೊಳಗೆ

ದೊಡ್ಡಮ್ಮ ಯಾವತ್ತೂ ನನ್ನ ಮೇಲೆ ಕೈ ಎತ್ತಿದವಳಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮನೆಗೆ ಬಂದವರಿಗೆಲ್ಲ ಅವಳೇ ಈ ಮಾತು ಹೇಳುತ್ತಿದ್ದಳು, ಅದು ನಿಜವೂ ಆಗಿತ್ತು. ದಿಲ್ಲಿಯ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನ ಎರಡನೇ ಮಹಡಿಯಲ್ಲಿ ಅವರ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಪಾತ್ರೆ ತೊಳೆಯುವ ಮೋರಿ ಇದ್ದ ಚಿಕ್ಕ ವೆರಾಂಡ. ಮುಂದಿನ ಕೋಣೆಯಲ್ಲಿ ದಿವಾನ, ದಿವಾನದ ತಲೆಯ ಬಳಿ ಟ್ರಂಕು, ಟ್ರಂಕಿನ ಮೇಲೆ ಕ್ರೋಶಾ ಹೆಣಿಗೆಯ ಹೊದಿಕೆ, ಅದರ ಮೇಲೆ ಟೇಪ್ ರೆಕಾರ್ಡರ್. ದೊಡ್ಡಪ್ಪನ ತಮ್ಮ ಕುವೈತಿನಿಂದ ತಂದುಕೊಟ್ಟಿದ್ದು. ಆ ಮಹಡಿಯಲ್ಲಿ ಬೇರೆ ಯಾರ ಮನೆಯಲ್ಲೂ ಅಂಥದ್ದು ಇರಲಿಲ್ಲ. ದೇವರ ಪಟಗಳಿಗಿಂತ ಮೊದಲು ಅದರ ಧೂಳು ಒರೆಸಬೇಕಿತ್ತು.

ನಾನು ಅಲ್ಲಿಗೆ ಓದಲು ಬಂದವಳು. ಶಿರಾ ಕಡೆಯ ನಮ್ಮ ಹಳ್ಳಿಯಲ್ಲಿ ಶಾಲೆ ಏಳನೇ ಕ್ಲಾಸಿಗೆ ಮುಗಿಯುತ್ತಿತ್ತು. ಅಪ್ಪ ಊರ ದರ್ಜಿ. ನನ್ನ ಕೆಳಗೆ ಒಬ್ಬ ತಂಗಿ, ಇಬ್ಬರು ತಮ್ಮಂದಿರು. ಊರಿಗೆ ಬಂದಿದ್ದ ದೊಡ್ಡಮ್ಮ, ಅಂದರೆ ನನ್ನ ಅವ್ವನ ಸ್ವಂತ ಅಕ್ಕ, ಎಲ್ಲರೆದುರು ನನ್ನ ತಲೆ ಸವರಿ, "ನಾಗುನ ನಾನು ಕರ್ಕೊಂಡು ಹೋಗ್ತೀನಿ. ನಮ್ಮ ಉಷಾ ಜೊತೆ ದಿಲ್ಲೀಲಿ ಎಂಟನೇ ಕ್ಲಾಸಿಗೆ ಹೋಗ್ಲಿ" ಎಂದಿದ್ದಳು. ಅವ್ವ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದ್ದಳು. ನಾವು ದಿಲ್ಲಿಗೆ ಇಳಿದಾಗ ಶಾಲೆ ಶುರುವಾಗಿ ವಾರಗಳೇ ಆಗಿದ್ದವು. ನಿನಗೆ ಹಿಂದಿ ಬರಲ್ಲ, ಒಂದು ವರ್ಷ ಮನೆಯಲ್ಲಿದ್ದು ಕಲಿತುಕೋ, ಆಮೇಲೆ ಸೇರಿಸುತ್ತೇನೆ ಎಂದಳು ದೊಡ್ಡಮ್ಮ. ನನಗೆ ಹಿಂದಿ ಬರುತ್ತಿರಲಿಲ್ಲ, ಅದೂ ನಿಜವೇ. ಉಷಕ್ಕ ನೀಲಿ ಲಂಗ ತೊಟ್ಟು ಮೆಟ್ಟಿಲಿಳಿದು ಹೋಗುವಾಗ ನಾನು ಪೊರಕೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಒಂದು ವರ್ಷ ತಾನೇ ಎಂದುಕೊಳ್ಳುತ್ತಿದ್ದೆ.

ಮನೆಯಲ್ಲಿ ಇದ್ದದ್ದು ಒಂದೇ ಕ್ಯಾಸೆಟ್. ಕನ್ನಡದ ಭಕ್ತಿಗೀತೆಗಳು, ಬದಿಗೆ ನಾಲ್ಕರಂತೆ. ಮೇಲಿನ ಕಾಗದ ಹರಿದುಹೋಗಿತ್ತು, ಹಾಡಿದಾಕೆ ಯಾರೆಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಮೊದಲನೆಯದು ದೇವರನ್ನು ಎಬ್ಬಿಸುವ ಹಾಡು. ಆಮೇಲೆ ಬೆಣ್ಣೆ ಕದ್ದ ಮಗುವಿನದು. ಮೂರನೆಯದು ಅಂಬಿಗನಿಲ್ಲದ ಹೊಳೆಯ ದಂಡೆಯಲ್ಲಿ ನಿಂತವನ ದೊಡ್ಡ ಹಾಡು. ಕೊನೆಗೆ ಮಂಗಳ. ಇನ್ನೊಂದು ಬದಿಯವೂ ಹೆಚ್ಚುಕಡಿಮೆ ಇಂಥವೇ. ಆಕೆಯ ದನಿ ತುಂಬ ಮೆದುವಾಗಿತ್ತು. ಮೊದಲ ದಿನ ಕೇಳಿದಾಗ, ಊರು ಬಿಟ್ಟ ಮೇಲೆ ಯಾರೋ ನನ್ನನ್ನು ಮಾತಾಡಿಸಿದಂತಾಗಿ ಬಾಗಿಲ ಬಳಿ ಕೂತುಬಿಟ್ಟೆ. ದೊಡ್ಡಮ್ಮ ದಿವಾನದ ಮೇಲೆ ಮಲಗಿ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಬಿ.ಪಿ. ಇತ್ತು, ಬೆಳಿಗ್ಗೆ ಹೆಚ್ಚು ಓಡಾಡಬಾರದೆಂದು ಡಾಕ್ಟರು ಹೇಳಿದ್ದರಂತೆ.

"ಹಾಡು ಇಷ್ಟ ಆಯ್ತೇನೇ?"

ನಾನು ತಲೆ ಆಡಿಸಿದೆ.

"ಹಾಗಾದ್ರೆ ಒಂದು ಕೆಲಸ ಮಾಡು. ಈ ಬದಿ ಮುಗಿಯೋದ್ರೊಳಗೆ ಪಾತ್ರೆ ತೊಳೆದು, ಗುಡಿಸಿ, ಒರೆಸಿಬಿಡು. ಕೆಲಸಾನೂ ಆಗತ್ತೆ, ದೇವರ ನಾಮಾನೂ ಕಿವಿಗೆ ಬೀಳತ್ತೆ."

ಆ ದಿನ ಬದಿ ಮುಗಿದು ಟೇಪು ಟಕ್ ಎಂದಾಗ ಒಳಕೋಣೆಯ ನೆಲ ಒರೆಸುವುದು ಇನ್ನೂ ಬಾಕಿಯಿತ್ತು. ದೊಡ್ಡಮ್ಮ ಬೈಯಲಿಲ್ಲ. ಎದ್ದು ವೆರಾಂಡಕ್ಕೆ ಬಂದಳು. ನಾನು ತೊಳೆದು ಬೋರಲು ಹಾಕಿದ್ದ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಮೋರಿಗೆ ಇಳಿಸಿದಳು. ಡಬ್ಬಿಯಿಂದ ಎರಡು ಹಿಡಿ ಬೂದಿ ತೆಗೆದು ಅವುಗಳ ಮೇಲೆ ಸುರಿದಳು. ಒಳಗೆ ಹೋಗಿ ಟೇಪನ್ನು ಹಿಂದಕ್ಕೆ ಓಡಿಸಿದಳು. ದೇವರನ್ನು ಎಬ್ಬಿಸುವ ಹಾಡು ಮತ್ತೆ ಶುರುವಾಯಿತು.

"ಮೊದಲಿಂದ" ಎಂದಳು. ಅಷ್ಟೇ.

ಅವಳ ಪದ್ಧತಿ ಅದು. ಒಂದು ಬದಿಗೆ ಇಷ್ಟು ಕೆಲಸ. ಮುಗಿಯದಿದ್ದರೆ ಆಗಿದ್ದೂ ಆಗಿಲ್ಲ, ಎಲ್ಲವೂ ಮೊದಲಿಂದ. ಒಣಗಲು ಹಾಕಿದ ಬಟ್ಟೆ ಮತ್ತೆ ಬಕೆಟಿಗೆ ಬರುತ್ತಿತ್ತು, ಒರೆಸಿದ ನೆಲದ ಮೇಲೆ ತರಕಾರಿ ಸಿಪ್ಪೆ ಬೀಳುತ್ತಿತ್ತು. ಡಿಸೆಂಬರ್ ಬಂದಾಗ ನಲ್ಲಿಯ ನೀರು ಬೆರಳನ್ನು ಕಚ್ಚುವಂತಿತ್ತು. ಬೂದಿ ತುಂಬಿದ ಬಿರುಕುಗಳಿಂದ ನನ್ನ ಕೈ ಹಳೇ ಗೋಡೆಯ ಹಾಗೆ ಕಾಣುತ್ತಿತ್ತು. ಬೇಗ ಮುಗಿಸಿದರೆ ಬಿಡುವು ಸಿಗುತ್ತದೆ ಎಂದುಕೊಂಡು ಒಮ್ಮೆ ಮಂಗಳಕ್ಕೆ ಮೊದಲೇ ಎಲ್ಲ ಮುಗಿಸಿ ಕೂತೆ. ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ, "ಕೈ ಖಾಲಿ ಇದ್ಯಲ್ಲ, ಅಟ್ಟದ ಮೇಲಿರೋ ಹಿತ್ತಾಳೆ ಪಾತ್ರೆ ಇಳಿಸು" ಎಂದಳು. ಮರುದಿನದಿಂದ ಹಿತ್ತಾಳೆಯೂ ಆ ಬದಿಗೇ ಸೇರಿತು. ಆಗ ನನಗೆ ಬುದ್ಧಿ ಬಂತು. ತಡ ಮಾಡಲೂಬಾರದು, ಬೇಗ ಮುಗಿಸಲೂಬಾರದು. ಮಂಗಳದ ಕೊನೆಯ ಸಾಲಿಗೆ ಕೊನೆಯ ತಟ್ಟೆ ಬೋರಲು ಬೀಳಬೇಕು. ಕೆಲವೇ ದಿನಗಳಲ್ಲಿ ನನ್ನ ಕೈಗಳು ನನ್ನನ್ನು ಕೇಳದೆಯೇ ಹಾಡಿನ ಜೊತೆ ನಡೆಯತೊಡಗಿದವು. ತಂಬೂರಿ ಕೇಳಿದರೆ ಪೊರಕೆ ಹಿಡಿಯುತ್ತಿದ್ದವು, ಹೊಳೆಯ ಹಾಡು ಬಂದರೆ ಬೂದಿ ತೆಗೆದುಕೊಳ್ಳುತ್ತಿದ್ದವು.

ಊಟಕ್ಕೂ ಹಾಡೇ. ಎಲ್ಲರೂ ಉಂಡ ಮೇಲೆ ಅಡುಗೆಮನೆಯ ಹೊಸ್ತಿಲ ಬಳಿ ನನ್ನ ತಟ್ಟೆ. ಉಣ್ಣುತ್ತ ಕೂತರೆ ಹುಡುಗಿ ಆಲಸಿಯಾಗುತ್ತಾಳೆ ಎನ್ನುವುದು ದೊಡ್ಡಮ್ಮನ ಎಣಿಕೆ, ಅದಕ್ಕೇ ಒಂದು ಹಾಡಿನಷ್ಟು ಹೊತ್ತು. ಯಾವ ಹಾಡು ಎಂದು ಆರಿಸುವ ಅಧಿಕಾರ ಉಷಕ್ಕನದು. ಅವಳು ನನಗಿಂತ ಒಂದು ವರ್ಷಕ್ಕೆ ದೊಡ್ಡವಳು, ಕೆಟ್ಟವಳೆಂದು ಹೇಳಲಾರೆ, ಅವಳಿಗೆ ಅದೊಂದು ಆಟ. ಖುಷಿಯಾಗಿದ್ದ ದಿನ ಹೊಳೆಯ ಹಾಡು ಹಾಕುತ್ತಿದ್ದಳು, ನಾನು ಮಜ್ಜಿಗೆ ಅನ್ನದವರೆಗೆ ತಲುಪುತ್ತಿದ್ದೆ. ಗಣಿತದಲ್ಲಿ ಕಡಿಮೆ ಅಂಕ ಬಂದ ದಿನ ಬೆಣ್ಣೆ ಕದ್ದ ಮಗುವಿನ ಹಾಡು. ಅದು ಎಲ್ಲಕ್ಕಿಂತ ಚಿಕ್ಕದು.

"ಅಮ್ಮಾ, ನೋಡೇ, ಬೆಣ್ಣೆ ಹಾಡು ಹಾಕಿದ್ರೆ ಇವಳು ಅನ್ನ ಅಗಿಯೋದೇ ಇಲ್ಲ. ಕೋಳಿ ಥರ ನುಂಗ್ತಾಳೆ."

"ನುಂಗ್ಲಿ ಬಿಡು. ಹೊಟ್ಟೇಲಿ ಹಲ್ಲಿರತ್ತೆ ಹಳ್ಳಿಯವರಿಗೆ."

ದೊಡ್ಡಪ್ಪ ಪೇಪರಿನ ಹಿಂದೆ ಕೂತು ಕೆಮ್ಮುತ್ತಿದ್ದರು. ಯಾವುದೋ ಇಲಾಖೆಯಲ್ಲಿ ಗುಮಾಸ್ತರು. ಅಷ್ಟೂ ದಿನಗಳಲ್ಲಿ ನನ್ನ ಪರವಾಗಿ ಅವರು ಮಾಡಿದ್ದು ಆ ಕೆಮ್ಮೊಂದೇ. ಮೇಲಿನ ಮನೆಯ ಪಂಜಾಬಿ ಆಂಟಿ ಸಕ್ಕರೆ ಕೇಳಲು ಬಂದಾಗ ಬಾಗಿಲಲ್ಲೇ ನಿಂತು, "ಆಪ್ ಕೇ ಘರ್ ಮೇ ತೋ ಮಂದಿರ್ ಜೈಸೀ ಶಾಂತಿ ಹೈ", ನಿಮ್ಮ ಮನೆಯಲ್ಲಿ ಗುಡಿಯಂಥ ಶಾಂತಿ, ಎನ್ನುತ್ತಿದ್ದಳು. ದೊಡ್ಡಮ್ಮ ನಗುತ್ತ, ಕೆಲಸದ ಹುಡುಗಿಯನ್ನು ಬೈದು ಹೊಡೆದು ಮಾಡುವ ಮನೆಗಳೂ ಇವೆ, ನಾನು ಮಾತ್ರ ಭಜನೆ ಹಾಕುತ್ತೇನೆ ಎಂದು ಅವಳಿಗೆ ಹಿಂದಿಯಲ್ಲಿ ಹೇಳುತ್ತಿದ್ದಳು. ಒಳಗಿದ್ದ ನನಗೆ ಅಷ್ಟು ಹಿಂದಿ ಅಷ್ಟರಲ್ಲಿ ಅರ್ಥವಾಗುತ್ತಿತ್ತು. ಕೆಲಸದ ಹುಡುಗಿ ಎಂದರೆ ಯಾರು ಎನ್ನುವುದೂ.

ತನ್ವಿ, ನೀನು ಫೋನಿನಲ್ಲಿ ಒಂದೇ ಆಲ್ಬಮ್ ಹಗಲೆಲ್ಲ ತಿರುಗಿಸಿ ತಿರುಗಿಸಿ ಕೇಳುತ್ತೀಯ. ಹೋದ ವಾರ, "ಅಜ್ಜಿ, ನಾನು ಗಾನಾ ಹಾಕಿದ್ರೆ ಆಪ್ ಉಠ್ ಕೇ ಯಾಕೆ ಹೋಗ್ತೀರಾ?" ಎಂದು ಕೇಳಿದೆ. ನಿನ್ನ ಹಾಡು ಚೆನ್ನಾಗಿಲ್ಲವೆಂದಲ್ಲ ಮಗೂ. ಒಂದೇ ಹಾಡು ಎರಡನೇ ಸಲ ಶುರುವಾದರೆ, ಮಾಡಿದ ಕೆಲಸವೆಲ್ಲ ಕೆಟ್ಟಿತು ಎಂದು ನನ್ನ ಮೈ ತಿಳಿದುಕೊಳ್ಳುತ್ತದೆ. ನಾನು ಎದ್ದು ಹೋಗುವುದು ಅಡುಗೆಮನೆಗೆ ಎನ್ನುವುದನ್ನು ನೀನು ಗಮನಿಸಿರಲಿಕ್ಕಿಲ್ಲ. ಅಲ್ಲಿ ಹೋಗಿ ತೊಳೆದಿಟ್ಟ ಲೋಟವನ್ನು ಇನ್ನೊಮ್ಮೆ ತೊಳೆಯುತ್ತೇನೆ. ದಿಲ್ಲಿಯ ರೋಹಿಣಿ ಬಡಾವಣೆಯ ಈ ಮನೆಗೆ ಬಂದ ಮೇಲೆ ನಿಮ್ಮಮ್ಮ ನನ್ನನ್ನು ಗಡಿಯಾರ ಎಂದು ಹೊಗಳುತ್ತಾಳೆ. ಅತ್ತೆ ಮಾಡಿದ ಕೆಲಸ ಒಂದು ನಿಮಿಷ ಆಚೆಯಿಲ್ಲ, ಈಚೆಯಿಲ್ಲ ಎನ್ನುತ್ತಾಳೆ.

ಚಳಿಗಾಲ ಕಳೆದ ಮೇಲೆ ಒಂದು ದಿನ ನಾನು ಧೈರ್ಯ ಮಾಡಿ ಶಾಲೆಯ ಮಾತೆತ್ತಿದೆ. ದೊಡ್ಡಮ್ಮ ಉಷಕ್ಕನ ಜಡೆ ಹೆಣೆಯುತ್ತಿದ್ದಳು.

"ಸೇರಿಸಬಾರದು ಅಂತ ನಂಗೇನು? ಬೆಳಗಿನ ಕೆಲಸ ಮುಗಿಯೋಷ್ಟರಲ್ಲಿ ಸ್ಕೂಲ್ ಗಂಟೆ ಹೊಡ್ದಿರತ್ತೆ. ಎರಡೂ ಬದಿ ಕೆಲಸಾನ ಎರಡನೇ ಬದಿಯ ಎರಡನೇ ಹಾಡಿಗೆ ಮುಗ್ಸಿ ತೋರ್ಸು. ಜುಲೈನಲ್ಲಿ ಸೇರಿಸ್ತೀನಿ."

"ನಿಜವಾಗ್ಲೂ?"

"ನಾನು ಯಾವತ್ತಾದ್ರೂ ಸುಳ್ಳು ಹೇಳಿದೀನಾ?"

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನ ಭರವಸೆ. ಅಲ್ಲಿಂದ ಎರಡು ತಿಂಗಳು ನಾನು ಕೆಲಸ ಮಾಡಲಿಲ್ಲ, ಓಟ ಓಡಿದೆ. ಹಿಂದಿನ ರಾತ್ರಿಯೇ ಬಟ್ಟೆಗಳನ್ನು ಬಣ್ಣಕ್ಕೆ ತಕ್ಕಂತೆ ವಿಂಗಡಿಸಿಡುವುದು, ಪೊರಕೆಯನ್ನು ಒಳಕೋಣೆಯ ಮೂಲೆಯಲ್ಲೇ ನಿಲ್ಲಿಸಿಡುವುದು, ತಟ್ಟೆಗಳನ್ನು ಎರಡೆರಡು ಜೋಡಿಸಿ ಉಜ್ಜುವುದು, ಹೀಗೆ ಒಂದೊಂದು ಸಾಲನ್ನು ಉಳಿಸುತ್ತ ಬಂದೆ. ಹಾಡಿನೊಳಗೆ ಉಸಿರು ತೆಗೆದುಕೊಳ್ಳುವ ಜಾಗ ಎಲ್ಲಿದೆ ಎಂದು ಹಾಡಿದಾಕೆಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಕರೆಂಟು ಹೋಗಿ ಸೆಲ್ ಹಾಕಿದ ದಿನ ನನಗೆ ಹಬ್ಬ. ಸೆಲ್ ಹಳತಾದಂತೆ ಆಕೆಯ ದನಿ ಗಂಡಸಿನ ದನಿಯಾಗಿ ಎಳೆಯುತ್ತಿತ್ತು, ಅಷ್ಟು ಹೊತ್ತು ನನಗೆ ಉಳಿಯುತ್ತಿತ್ತು. ಉಷಕ್ಕ ಅದನ್ನೂ ಕಂಡುಹಿಡಿದು ಅಮ್ಮನಿಗೆ ಹೇಳಿ ಹೊಸ ಸೆಲ್ ತರಿಸಿದಳು.

ಮೇ ತಿಂಗಳಲ್ಲಿ, ಕೂಲರಿನ ಗಾಳಿಯೂ ಬಿಸಿಯಾಗಿ ಬೀಸುತ್ತಿದ್ದಾಗ, ಟೇಪು ಸಿಕ್ಕಿಕೊಂಡಿತು. ಹೊಳೆಯ ಹಾಡಿನ ನಡುವೆ ಆಕೆ ಗೊಗ್ಗರು ದನಿಯಲ್ಲಿ ಮುಲುಗಿ ನಿಂತುಹೋದಳು. ದೊಡ್ಡಪ್ಪ ಮುಚ್ಚಳ ತೆಗೆದಾಗ ರೀಲು ಶ್ಯಾವಿಗೆಯಂತೆ ಹೊರಬಂತು. ಅವರು ಸುಕ್ಕಾದ ಭಾಗವನ್ನು ಕತ್ತರಿಸಿ, ಎರಡು ತುದಿಗಳನ್ನು ಉಗುರುಬಣ್ಣದಿಂದ ಅಂಟಿಸಿ, ಪೆನ್ಸಿಲಿನಿಂದ ತಿರುಗಿಸಿ ಕೊಟ್ಟರು. ಹಾಡು ಮತ್ತೆ ಬಂತು. ಆದರೆ ಹೊಳೆಯ ದಂಡೆಯಲ್ಲಿ ನಿಂತವನು ಕೂಗಿ ಕರೆಯುವ ಸಾಲುಗಳೇ ಇರಲಿಲ್ಲ. ನಿಂತಿದ್ದವನು ನೆಟ್ಟಗೆ ಆಚೆ ದಡದಲ್ಲಿದ್ದ. ಎರಡೂ ಬದಿಗೆ ರೀಲು ಒಂದೇ ಆದ್ದರಿಂದ, ಕತ್ತರಿ ಹಾಕಿದ್ದು ಒಂದು ಬದಿಗಾದರೂ ಇನ್ನೊಂದು ಬದಿಯ ಎರಡನೇ ಹಾಡೂ ಅಷ್ಟೇ ತುಂಡಾಗಿತ್ತು. ನಾನು ಉಳಿಸಿದ್ದಷ್ಟೂ ಹೋಗಿತ್ತು.

"ದೊಡ್ಡಮ್ಮಾ, ಹಾಡು ಗಿಡ್ಡ ಆಗಿದೆ."

"ಹಾಡು ಗಿಡ್ಡ ಆಗಿಲ್ಲ. ನಿನ್ನ ಕೈ ನಿಧಾನ ಆಗಿದೆ."

"ಮಧ್ಯದ ಸಾಲು ಬರ್ತಾ ಇಲ್ಲ, ದೊಡ್ಡಪ್ಪ ಕತ್ತರಿಸಿದ್ರಲ್ಲ."

"ಹೌದೇನ್ರೀ?" ಎಂದಳು ದೊಡ್ಡಪ್ಪನ ಕಡೆ ತಿರುಗಿ. ದೊಡ್ಡಪ್ಪ ಕೆಮ್ಮಿದರು.

"ನೋಡು, ಅವರಿಗೇ ಗೊತ್ತಿಲ್ಲ."

ನಾನು ಮತ್ತೆ ಓಡಿದೆ. ಜೂನ್ ಕೊನೆಯಲ್ಲಿ ಒಂದು ಬೆಳಿಗ್ಗೆ, ಎರಡನೇ ಬದಿಯ ಎರಡನೇ ಹಾಡು ಇನ್ನೂ ಬಾಕಿಯಿರುವಾಗಲೇ, ಕೊನೆಯ ಬಟ್ಟೆ ಹಿಂಡಿ ತಂತಿಗೆ ಹಾಕಿ, ದಿವಾನದ ಮುಂದೆ ಬಂದು ನಿಂತೆ. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಗು ಬಂತು. ದೊಡ್ಡಮ್ಮ ಎದ್ದು ಎಲ್ಲವನ್ನೂ ನೋಡಿಕೊಂಡು ಬಂದಳು. ಪಾತ್ರೆಯ ಒಳಗೆ ಬೆರಳಾಡಿಸಿದಳು, ಮಂಚದ ಕೆಳಗೆ ಬಗ್ಗಿದಳು, ಕಾಲರುಗಳನ್ನು ತಿರುಗಿಸಿದಳು. ಎಲ್ಲಿಯೂ ಏನೂ ಸಿಗಲಿಲ್ಲ. ವಾಪಸ್ ಬಂದು ದಿವಾನದ ಮೇಲೆ ಕೂತಳು.

"ಹಾಗಾದ್ರೆ ಇಷ್ಟು ದಿನ ಬೇಕಂತಲೇ ಎಳೀತಿದ್ದೆ ಅಂತಾಯ್ತು."

ಅವಳು ಹೇಳಿದ್ದರಲ್ಲಿ ಸ್ವಲ್ಪ ನಿಜವೂ ಇತ್ತಲ್ಲ, ಹಿತ್ತಾಳೆಯ ಭಯಕ್ಕೆ ನಾನು ಮಂಗಳದವರೆಗೂ ಎಳೆಯುತ್ತಿದ್ದೆನಲ್ಲ. ದೊಡ್ಡಮ್ಮನಿಗೆ ಯಾವಾಗಲೂ ಇಂಥ ಒಂದು ನಿಜ ಸಿಕ್ಕೇ ಸಿಗುತ್ತಿತ್ತು.

"ಆದ್ರೂ ನಾನು ಮಾತಿಗೆ ತಪ್ಪೋಳಲ್ಲ. ನಿಮ್ಮಪ್ಪ ಹರಿದ್ವಾರಕ್ಕೆ ಹೋಗೋ ಊರಿನವರ ಜೊತೆ ಬರ್ತಿದಾನಂತೆ. ಒಂದು ಬೆಳಿಗ್ಗೆ ಇಲ್ಲಿಗೆ ಬಂದು ಹೋಗ್ತಾನೆ. ಅವನ ಎದುರಿಗೆ ನೀನೇ ಬಾಯಿಬಿಟ್ಟು ಸ್ಕೂಲಿಗೆ ಹೋಗ್ತೀನಿ ಅಂತ ಹೇಳು. ಹೇಳಿದ್ರೆ ಆವತ್ತೇ ಸೇರಿಸ್ತೀನಿ. ನಾಳೆ ನಾನು ಬಲವಂತ ಮಾಡಿದೆ ಅಂತ ಆಗಬಾರದು ನೋಡು."

ಅಷ್ಟು ಸುಲಭವಾ ಎಂದು ನನಗೆ ಅನ್ನಿಸಿತು. ಅಪ್ಪನ ಹತ್ತಿರ ಮಾತಾಡಲು ನನಗೆಂಥ ನಾಚಿಕೆ? ಆದರೂ ಒಂದು ವರ್ಷದಿಂದ ಹೆಚ್ಚು ಮಾತೇ ಆಡಿರಲಿಲ್ಲ, ಬಾಯಿ ತಪ್ಪಿದರೆ ಎಂದು ಮೋರಿಯ ಮುಂದೆ ಕೂತು ಆ ಮಾತನ್ನು ಹೇಳಿ ಹೇಳಿ ನೋಡಿಕೊಂಡೆ. ಅಪ್ಪಾ, ನಾನು ಸ್ಕೂಲಿಗೆ ಹೋಗ್ತೀನಿ. ಅಷ್ಟೇ ಇದ್ದದ್ದು.

ಅಪ್ಪ ಬಂದಾಗ ಬೆಳಗಿನ ಬಿಸಿಲು ಆಗಲೇ ವೆರಾಂಡಕ್ಕೆ ಏರಿತ್ತು. ಆವತ್ತು ಗುಡಿಸಿ ಒರೆಸುವುದು ಮೊದಲೇ ಆಗಿತ್ತು, ದೊಡ್ಡಮ್ಮ ಆಗಷ್ಟೇ ಮೊದಲ ಬದಿ ಹಾಕಿದ್ದಳು. ಅವನ ದನಿ ಬಾಗಿಲಲ್ಲಿ ಕೇಳಿ ನಾನು ಎದ್ದೆ. "ಬೂದಿ ಕೈಲಿ ಬರ್ಬೇಡ, ಮುಗಿಸ್ಕೊಂಡು ಬಾ" ಎಂದಳು ದೊಡ್ಡಮ್ಮ. ನಾನು ಕೂತೆ. ತೆರೆದ ಬಾಗಿಲಿನಿಂದ ಅವನು ಅರ್ಧ ಕಾಣುತ್ತಿದ್ದ. ತಲೆ ನೆರೆತಿತ್ತು. ಉಪ್ಪಿಟ್ಟಿನ ತಟ್ಟೆಯನ್ನು ಮೊಣಕಾಲ ಮೇಲಿಟ್ಟುಕೊಂಡು ನನ್ನ ಕಡೆ ನೋಡಿ ನಕ್ಕ. ಆಮೇಲೆ ಚೀಲದಿಂದ ಹುಣಸೆಹಣ್ಣು, ಹುರುಳಿಕಾಳು ತೆಗೆದು, ಅದರಡಿಯಿಂದ ನೀಲಿ ಬಟ್ಟೆಯೊಂದನ್ನು ಕೊಡವಿ ಹಿಡಿದ. ಲಂಗ. ನನ್ನ ಈಗಿನ ಎತ್ತರವನ್ನು ಅಂದಾಜು ಮಾಡಿ ಹೊಲಿದಿದ್ದ.

"ಸ್ಕೂಲಿಗೆ ಅಂತ ಹೊಲಿದೆ ಅತ್ತಿಗೆ. ಉದ್ದ ಹೆಚ್ಚಾದ್ರೆ ಮಡಿಸಿ ಹೊಲಿಗೆ ಹಾಕ್ಕೊಳ್ಳಲಿ."

"ಅಯ್ಯೋ ರಂಗಪ್ಪ, ಅವಳಿಗೆಲ್ಲಿ ಓದಿನ ಮೇಲೆ ಮನಸ್ಸು? ಹಾಡು ಅಂದ್ರೆ ಪ್ರಾಣ ಬಿಡ್ತಾಳೆ. ಬೆಳಿಗ್ಗೆ ಎದ್ದ ತಕ್ಷಣ ಇದೇ. ನೀವೇ ಹೋಗಿ ನೋಡಿ, ಹೇಗೆ ಮುಳುಗಿಹೋಗಿದಾಳೆ. ನೀವೇ ಕೇಳಿ. ಹೋಗ್ತೀನಿ ಅಂದ್ರೆ ಇವತ್ತೇ ಸೇರಿಸೋಣ."

ಹೊಳೆಯ ಹಾಡು ಕತ್ತರಿಸಿದ ಜಾಗವನ್ನು ದಾಟಿ ಹೋಗುತ್ತಿತ್ತು. ಮೋರಿಯಲ್ಲಿ ಇನ್ನೂ ಕುಕ್ಕರು, ಹಾಲಿನ ಪಾತ್ರೆ, ಉಪ್ಪಿಟ್ಟಿನ ಬಾಣಲೆ ಇದ್ದವು. ಅಪ್ಪ ಬಂದ ದಿನವಾದ್ದರಿಂದ ಪಾತ್ರೆ ಜಾಸ್ತಿ, ಹಾಡು ಮಾತ್ರ ಅಷ್ಟೇ. ಅಪ್ಪನ ಪಾದಗಳು ಬಂದು ನನ್ನ ಪಕ್ಕ ನಿಂತವು. ಹಿಮ್ಮಡಿಯ ಬಿರುಕುಗಳಲ್ಲಿ ನಮ್ಮೂರಿನ ಕೆಂಪು ಮಣ್ಣು ಇನ್ನೂ ಇತ್ತು.

"ನಾಗೂ, ಸ್ಕೂಲಿಗೆ ಹೋಗ್ತೀಯೇನವ್ವ?"

ಮಂಗಳ ಶುರುವಾಯಿತು. ಮಂಗಳ ಎಂದರೆ ಬಾಣಲೆ, ಆಮೇಲೆ ಎಲ್ಲವನ್ನೂ ಜಾಲಿಸುವುದು. ಈಗ ತಲೆ ಎತ್ತಿದರೆ, ಮಾತಾಡಲು ಕೈ ನಿಲ್ಲಿಸಿದರೆ, ಬದಿ ಮುಗಿದುಹೋಗುತ್ತದೆ. ಅವಳು ಬಂದು ಬೂದಿ ಸುರಿಯುತ್ತಾಳೆ, ಅಪ್ಪನೆದುರೇ ಎಲ್ಲವೂ ಮೊದಲಿಂದ ಆಗುತ್ತದೆ. ಮೊದಲು ಇದೊಂದು ಮುಗಿಯಲಿ ಎಂದುಕೊಂಡೆ. ಕೈ ತೊಳೆದುಕೊಂಡು, ಎದುರಿಗೆ ನಿಂತು, ಸರಿಯಾಗಿ ಹೇಳುತ್ತೇನೆ. ಇನ್ನೆಷ್ಟು ಸಾಲು ಉಳಿದಿವೆ ಎಂದು ನನಗೆ ಗೊತ್ತಿತ್ತು. ಬಾಯಿ ತೆರೆದಿದ್ದೆ, ಆದರೆ ತುಟಿ ಹಾಡಿನ ಜೊತೆ ಆಡುತ್ತಿತ್ತು. ಕೈಯೂ ಜೊತೆಯಲ್ಲೇ ಇತ್ತು.

ಅಪ್ಪನ ನೆರಳು ನನ್ನ ಮೇಲೆ ಬಾಗಿತು.

"ಎಷ್ಟು ಚೆನ್ನಾಗಿ ಕಲ್ತವ್ಳೆ" ಎಂದ, ಒಳಗೆ ತಿರುಗಿ. ದನಿಯಲ್ಲಿ ಹೆಮ್ಮೆ ಇತ್ತು. ಅದಕ್ಕಿಂತ ಕಷ್ಟದ ಮಾತನ್ನು ನಾನು ಜೀವನದಲ್ಲಿ ಕೇಳಿಲ್ಲ.

"ನಾನು ಹೇಳ್ಲಿಲ್ವಾ?" ಎಂದಳು ದೊಡ್ಡಮ್ಮ.

"ಅವ್ಳಿಗೇ ಬೇಡ ಅಂದ್ಮೇಲೆ ಬಲವಂತ ಯಾಕೆ. ಇವಳವ್ವಂಗೆ ಹೇಳ್ತೀನಿ, ದಿಲ್ಲೀಲಿ ನಿನ್ನ ಮಗಳು ಸಂಗೀತ ಕಲೀತವ್ಳೆ ಅಂತ."

ಪಾದಗಳು ಹೋದವು. ಕೆಳಗೆ ರಸ್ತೆಯಲ್ಲಿ ಹರಿದ್ವಾರದ ಬಸ್ಸಿನವನು ಹಾರ್ನ್ ಒತ್ತುತ್ತಿದ್ದ, ಊರಿನವರು ಯಾರೋ ಅಪ್ಪನ ಹೆಸರು ಹಿಡಿದು ಕೂಗುತ್ತಿದ್ದರು. ನಾನು ಬಾಣಲೆ ಜಾಲಿಸಿದೆ, ಬೋರಲು ಹಾಕಿದೆ. ಕೊನೆಯ ತಟ್ಟೆಗೂ ಕೊನೆಯ ಸಾಲಿಗೂ ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಟಕ್ ಎಂದಿತು. ಕೈ ತೊಳೆದು ಲಂಗಕ್ಕೆ ಒರೆಸಿಕೊಂಡು ಮುಂದಿನ ಕೋಣೆಗೆ ಓಡಿದೆ. ಉಪ್ಪಿಟ್ಟಿನ ತಟ್ಟೆ ಕುರ್ಚಿಯ ಮೇಲಿತ್ತು, ಕಾಫಿ ಲೋಟದ ತಳದಲ್ಲಿ ಇನ್ನೊಂದು ಗುಟುಕು ಇತ್ತು. ಬಾಗಿಲು ತೆರೆದಿತ್ತು.

"ನೀನು ಹಾಡ್ತಾ ಇದ್ದೆ, ಎಬ್ಬಿಸೋದು ಬೇಡ ಅಂದ" ಎಂದಳು ದೊಡ್ಡಮ್ಮ, ದಿವಾನದ ಮೇಲೆ ಕಾಲು ಚಾಚುತ್ತ. "ಆ ನೀಲಿ ಲಂಗ ವಾಪಸ್ ತಗೊಂಡು ಹೋದ. ನಿನ್ನ ತಂಗಿಗೆ ಆಗತ್ತಂತೆ."

ನಾನು ಬಾಗಿಲಿನ ಕಡೆ ಒಂದು ಹೆಜ್ಜೆ ಇಟ್ಟೆ. ಬಸ್ಸು ತಿರುವಿನಲ್ಲಿ ಗೇರು ಬದಲಿಸಿದ್ದು ಕೇಳಿಸಿತು.

"ಎಲ್ಲಿಗೆ?" ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ. "ಕ್ಯಾಸೆಟ್ ತಿರುಗಿಸಿ ಹಾಕು."